ನನ್ನ ಲಾನು, ತಮ್ಮನ ಯೂರಿಯಾ

ಸಂಡೂರಿನ ಗಣಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಮನೆಗೆ ಬರುವಾಗ ಗಣಿಯನ್ನೂ ಒಂದಿಷ್ಟು ತರುತ್ತಾರೆ. ಬಟ್ಟೆ, ಚಪ್ಪಲಿ, ಕಿವಿಯ ಸಂದು, ಎಲ್ಲಾ ಕೆಂಪು. ಕಣ್ಣಿಗೆ ಹಸಿರು ಬೇಕೆಂದು ಹೊಸಪೇಟೆಯ ನಮ್ಮ ಮನೆಯ ಮುಂದೆ ಲಾನ್ ಹಾಕಿಸಿದೆ. "ಆಕಳಿಲ್ಲ, ಎಮ್ಮಿ ಇಲ್ಲ, ಹುಲ್ಲು ಯಾಕ?" ಎಂದು ನೆಂಟರು ನಕ್ಕರು. ನಗಲಿ ಬಿಡಿ. ಹಟ ಹಿಡಿದರೆ ನಾನು ಬಿಡುವವಳಲ್ಲ.

ಆ ವರ್ಷ ಮಗಳ ಕುಬುಸ ಸರಿಯಾಗಿ ಬೇಸಿಗೆಗೇ ಬಂತು. ಬಸುರಿ ಮಗಳಿಗೆ ಸೀರೆ, ಬಳೆ ಕೊಟ್ಟು ಉಡಿ ತುಂಬುವ ಶಾಸ್ತ್ರ. ಕಲ್ಯಾಣ ಮಂಟಪ ಹಿಡಿಯೋಣ ಎಂದರು ಗಂಡ. ಮಗಳು ಮಾತ್ರ ಫೋನಿನಲ್ಲಿ, "ಅವ್ವಾ, ನಿನ್ನ ಹುಲ್ಲಿನ ಮ್ಯಾಲೇ ಮಾಡು. ಕಾಲು ಬಾತು ಚಪ್ಪಲಿ ಹಾಕಾಕ ಆಗವಲ್ದು. ಬರಿಗಾಲಾಗ ಓಡಾಡ್ತೀನಿ" ಅಂದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನೂ ಬೀಗರ ಮುಂದೆ, "ನಮ್ಮ ಲಾನ್ ಮ್ಯಾಲೇ ಮಾಡ್ತೀವ್ರಿ" ಎಂದು ಕೊಚ್ಚಿಕೊಂಡುಬಿಟ್ಟೆ.

ಬಿಸಿಲಿಗೆ ಹುಲ್ಲಿನ ತುದಿ ಕಂದತೊಡಗಿತ್ತು. ಅಷ್ಟರಲ್ಲಿ ಕಂಪ್ಲಿಯಲ್ಲಿ ಭತ್ತ ಬೆಳೆಯುವ ನನ್ನ ತಮ್ಮ ಬೈಕಿನ ಮೇಲೆ ಅರ್ಧ ಚೀಲ ಯೂರಿಯಾ ಹೇರಿಕೊಂಡು ಬಂದ.

"ಯಕ್ಕಾ, ಇದಕ್ಕ ಹಸಿವಾಗೈತಿ. ನಮ್ಮ ಗದ್ದಿ ನೋಡು, ಹೆಂಗ ಕರ್ರಗೈತಿ!"

"ಇಂಥಾ ಬಿಸಿಲಾಗ ಹುಲ್ಲು ನಿದ್ದಿ ಮಾಡತೈತಿ. ಮಲಗಿದೋರ ಬಾಯಾಗ ಯಾರರ ಅನ್ನ ತುರುಕ್ತಾರೇನು? ಮುಟ್ಟಬ್ಯಾಡ" ಎಂದು ಗದರಿಸಿ ನಾನು ಬಳೆ ತರಲು ಪೇಟೆಗೆ ಹೋದೆ. ತಮ್ಮನ ಕೈ ಸುಮ್ಮನಿರಬೇಕಲ್ಲ!

ತಿರುಗಿ ಬಂದಾಗ ನಡು ಮಧ್ಯಾಹ್ನ. ಅವನು ಲುಂಗಿ ಎತ್ತಿ ಕಟ್ಟಿ, ಗದ್ದೆಗೆ ಎರಚಿದಂತೆಯೇ ಹಿಡಿ ಹಿಡಿ ಎರಚಿ ಮುಗಿಸಿದ್ದ. ಒಣಗಿದ ಹುಲ್ಲಿನ ತುಂಬ ಬಿಳಿ ಕಾಳು.

"ನೀರು?" ಎಂದೆ.

"ಈಗ ಬಿಡ್ತೀನಿ" ಎಂದು ನಳ ತಿರುಗಿಸಿದ. ನಳ ಬುಸ್ಸೆಂದು ಸುಮ್ಮನಾಯಿತು. ಕಂಪ್ಲಿಯಲ್ಲಿ ತೂಬು ಎತ್ತಿದರೆ ಕಾಲುವೆ ಗದ್ದೆಗೆ ಓಡಿ ಬರುತ್ತದೆ. ನಮ್ಮ ನಳ ತನ್ನ ಪಾಳಿ ಬಂದ ದಿನ ಮಾತ್ರ ಬರುತ್ತದೆ, ಅಂದು ನಮ್ಮ ಪಾಳಿ ಅಲ್ಲ. ತಮ್ಮ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತ.

ನನ್ನ ಹೊಟ್ಟೆ ಉರಿದುಹೋಯಿತು. ಆದರೆ ಬಯ್ಯುತ್ತಾ ನಿಂತರೆ ನೀರು ಕಾಣದ ಯೂರಿಯಾಕ್ಕೆ ಹುಲ್ಲೂ ಉರಿದುಹೋಗುತ್ತದೆ. ಎರಡು ಕಸಬರಿಗೆ ತಂದು ಒಂದನ್ನು ಅವನ ಕೈಗೆ ಕೊಟ್ಟೆ. "ಹೊಡಿಯಲೇ, ಜಲ್ದಿ!" ಇಬ್ಬರೂ ಬಗ್ಗಿ ಗುಡಿಸತೊಡಗಿದೆವು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಹುಲ್ಲಿಗೂ ಕಸ ಹೊಡೀತೀರೇನ್ರೀ?" ಅಂದಳು.

"ಹೌದ್ರಿ, ಆಮ್ಯಾಲೆ ರಂಗೋಲಿನೂ ಹಾಕ್ತೀವಿ" ಅಂದೆ.

ಗುಡಿಸಿ ಮುಗಿಸಿ, ಮನೆಯ ಮೇಲಿನ ಟ್ಯಾಂಕಿನ ನೀರನ್ನೆಲ್ಲ ಪೈಪಿನಲ್ಲಿ ಹರಿಸಿ ಉಳಿದ ಕಾಳನ್ನು ತೊಳೆದೆ. ಸಂಜೆ ಗಂಡ ಕೆಂಪು ಮುಖ ಹೊತ್ತು ಬಚ್ಚಲಿಂದ ಕೂಗಿದರು, "ನೀರೆಲ್ಲಿ?" "ಹುಲ್ಲು ಕುಡೀತು" ಎಂದೆ. ಪಾಪ, ಟವೆಲ್ ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ನಡೆದರು.

ಆಮೇಲೆ ಒಂದು ಕಾಳೂ ಗೊಬ್ಬರ ಹಾಕಲಿಲ್ಲ. ಹುಲ್ಲು ಕತ್ತರಿಸದೆ ಉದ್ದ ಬಿಟ್ಟೆ, ನೀರು ಕೂಡಿಟ್ಟು ನಸುಕಿನಲ್ಲಿ ಉಣಿಸಿದೆ, ಮಧ್ಯಾಹ್ನ ಹಳೆ ಸೀರೆ ಕಟ್ಟಿ ನೆರಳು ಮಾಡಿದೆ. ಕಂದಿದ ಹುಲ್ಲು ಮೆಲ್ಲಗೆ ಹಸಿರಿಗೆ ತಿರುಗಿತು. ಯೂರಿಯಾ ಚೀಲವನ್ನು ತಮ್ಮ ಇಳಿಸಿ ಬಿಚ್ಚಿದ್ದ ಜಾಗ ಮಾತ್ರ, ಗೇಟಿನ ಹತ್ತಿರ, ಮೊರದಗಲ ಸುಟ್ಟು ಬೋಳಾಗಿ ಉಳಿಯಿತು.

ಕುಬುಸದ ಸಂಜೆ ಮಗಳು ಬಾತ ಕಾಲನ್ನು ಹುಲ್ಲಿನ ಮೇಲಿಟ್ಟು ಕಣ್ಣು ಮುಚ್ಚಿದಳು. "ಅವ್ವಾ, ಭಾಳ ತಂಪೈತಿ."

ಬೀಗಿತ್ತಿ ಬೆರಗಾಗಿ, "ಇಂಥಾ ಬಿಸಿಲಾಗ ಏನು ಗೊಬ್ಬರ ಹಾಕೀರಿ?" ಎಂದು ಕೇಳಿದರು.

"ಏನೂ ಹಾಕಿಲ್ರಿ. ಹಾಕಾಕ ಬಂದೋರನ್ನ ಗೆದ್ದೀನಿ" ಎಂದೆ. ಆ ಕ್ಷಣ ನಾನು ನೆಲದ ಮೇಲೆ ಇರಲಿಲ್ಲ.

ತಮ್ಮ ಮಾತ್ರ ಬಿಳಿ ಪಂಚೆ ಹರಡಿಕೊಂಡು ಗೇಟಿನ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಫೋಟೊಕ್ಕೆ ಕರೆದರೂ ಏಳಲಿಲ್ಲ, ಊಟಕ್ಕೆ ಕರೆದರೂ ಏಳಲಿಲ್ಲ. "ಸೋದರಮಾವ ಭಾಳ ಗಂಭೀರ ಮನಷ್ಯಾ" ಎಂದರು ಬೀಗರು. ಸೋದರಮಾವನ ಸೀರೆ ಕೊಡುವ ಹೊತ್ತಾದರೂ ಅಲುಗದಿದ್ದಾಗ ನನಗೆ ಸಿಟ್ಟು ನೆತ್ತಿಗೇರಿತು. ಹತ್ತಿರ ಹೋಗಿ, "ಏಳಲೇ!" ಎಂದು ಹಲ್ಲು ಕಡಿದೆ.

"ಯಕ್ಕಾ, ಎದ್ದರ ಬೋಳು ಕಾಣತೈತಿ" ಎಂದು ಪಿಸುಗುಟ್ಟಿದ.

ಬಗ್ಗಿ ನೋಡಿದೆ. ಸುಟ್ಟ ಜಾಗದ ಮೇಲೇ ಕುರ್ಚಿ, ಅದರ ಸುತ್ತ ಪಂಚೆಯ ಮರೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. ಆದರೆ ಅವನು ಕಾಯುತ್ತಿದ್ದದ್ದು ತನ್ನ ಮೀಸೆಯನ್ನಲ್ಲ, ನನ್ನದನ್ನು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ಮಾವ ಏಳಂಗಿಲ್ಲ, ನೀನೇ ಬಾರವ್ವಾ" ಎಂದು ಮಗಳನ್ನು ಕರೆದೆ. ಅವಳು ಬರಿಗಾಲಲ್ಲಿ ನಿಧಾನವಾಗಿ ನಡೆದು ಬಂದು ಸೀರೆಗೆ ಸೆರಗೊಡ್ಡಿದಳು. ಮಾವನ ಕುರ್ಚಿಯವರೆಗೂ ಅವಳ ಕಾಲಿಗೆ ಹುಲ್ಲೇ ಸಿಕ್ಕಿತು.