ಮೇಸ್ತ್ರಿ ಕೊಟ್ಟ ಹಳೇ ಪುಲ್ಲಿ

ಮೇಸ್ತ್ರಿಯ ಕಿವಿಯಲ್ಲಿ ಕರಿ ಗ್ರೀಸಿನ ಒಂದು ಉಂಗುರ ಇರುತ್ತಿತ್ತು. ಬಲಗಿವಿ ಎಂದು ನನ್ನ ನೆನಪು. ಎಡಗಿವಿ ಎನ್ನುತ್ತಾಳೆ ನನ್ನ ತಂಗಿ. ಈ ಮನುಷ್ಯನ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹೊಟ್ಟೆಕಿಚ್ಚಿನಿಂದ ನೋಡಿದವನ ಸಾಕ್ಷ್ಯ ಅದು. ಉಂಗುರ ಇದ್ದದ್ದಂತೂ ನಿಜ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಅಭ್ಯಾಸವಾಗಿತ್ತು.

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋಗುವ ರಸ್ತೆಯಲ್ಲಿ, ಹುಣಸೆಮರದ ಕೆಳಗೆ ಅವರ ಕಾರು ರಿಪೇರಿಯ ತಗಡಿನ ಶೆಡ್ಡು. ಪುಟ್ಟೇನಹಳ್ಳಿಯಲ್ಲಿ ದ್ರಾಕ್ಷಿ ತೋಟ ಮಾಡಿದ್ದ ನಮ್ಮ ತಂದೆ ಒಂದು ಹಳೆಯ ಕಾರು ಕೊಂಡಿದ್ದರು. ವಾರಕ್ಕೊಮ್ಮೆಯಾದರೂ ಅದನ್ನು ಅಲ್ಲಿಗೆ ಒಯ್ಯಲು ಏನಾದರೊಂದು ನೆಪ ಹುಡುಕುತ್ತಿದ್ದರು.

ಮೇಸ್ತ್ರಿಯ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಕಾರಿಗೆ ಏನಾಗಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಮಾತಿನ ಮೇಲೆ ಐದನೆಯದು ಆಡದ ನಮ್ಮ ತಂದೆ, ಅಲ್ಲಿ ಟವೆಲನ್ನು ಹೆಗಲಿಗೆ ಎಸೆದುಕೊಂಡು, ಕತ್ತು ಚಾಚಿ, ‘ಕಿರ್ರ್‌ರ್’ ಎನ್ನುತ್ತಿದ್ದರು.

“ಇನ್ನೂ ಸಣ್ಣಕಾ ಗೌಡ್ರೆ, ದಪ್ಪಕಾ?” ಎಂದು ಮೇಸ್ತ್ರಿ ಕೇಳುವರು.

ತಂದೆ ಇನ್ನಷ್ಟು ಸಣ್ಣಗೆ ಮಾಡುವರು. ಇಬ್ಬರೂ ನಗುವರು. ನನ್ನ ಜೊತೆ ತಂದೆ ಹಾಗೆ ನಕ್ಕಿದ್ದನ್ನು ನಾನು ಕಾಣೆ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದೆ. ಪದವಿ ಬಂದ ಮೇಲಾದರೂ ಕಾರಿನ ವಿಷಯದಲ್ಲಿ ತಂದೆ ಮೊದಲು ನನ್ನನ್ನು ಕೇಳಬೇಕು ಎಂಬುದೇ ನನ್ನ ಆಸೆ. ಆ ವರ್ಷ ಅದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ಕಾರಿನ ಇಂಜಿನ್ ಏನನ್ನೋ ಕುಟ್ಟಿದಂತೆ ಸದ್ದು ಮಾಡತೊಡಗಿತು. “ನೀನೇ ನೋಡಪ್ಪ ಒಂದ್ಸಲ” ಎಂದರು ತಂದೆ. ಮಧ್ಯಾಹ್ನವೆಲ್ಲ ನೋಡಿದೆ. ಫ್ಯಾನ್ ಬೆಲ್ಟು ಬಿಗಿಯಾಗಿತ್ತು, ಎಲ್ಲೂ ಬಿರುಕಿರಲಿಲ್ಲ. ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ಕೇಳಿದೆ. ಮೂರನೆಯದನ್ನು ಕಿತ್ತಾಗ ಸದ್ದು ಇಳಿದಂತೆ ಕೇಳಿಸಿತು. ಹಾಗೆ ಇಳಿದರೆ ತಪ್ಪು ಆ ಸಿಲಿಂಡರಿನ ಬೇರಿಂಗಿನದು. ಇಳಿಯಲಿ ಎಂದು ನನಗೆ ಬೇಕಾಗಿತ್ತು, ಅದಕ್ಕೇ ಕೇಳಿಸಿರಬಹುದು.

“ಒಳಗೆ ಬೇರಿಂಗ್ ಹೋಗಿದೆ. ಇಂಜಿನ್ ಬಿಚ್ಚಬೇಕು” ಎಂದೆ.

ತಂದೆ ನಿಧಾನವಾಗಿ ಕೈ ತೊಳೆದುಕೊಂಡರು. “ಬಿಚ್ಚೋಣ. ಮೇಸ್ತ್ರೀನ ಒಂದ್ ಮಾತು ಕೇಳ್ಬಿಡಾನ.”

ಶೆಡ್ಡಿನಲ್ಲಿ ಮೇಸ್ತ್ರಿ ನನ್ನನ್ನು ನೋಡಿ ನಕ್ಕರು. “ಏನ್ ಸಮಾಚಾರ ಚಿಕ್ಕಗೌಡ್ರೆ? ಇಂಜಿನಿಯರ್ ಆದ್ರಂತೆ.”

“ಬೇರಿಂಗ್ ಹೋಗಿದೆ” ಎಂದೆ.

“ರೋಗುಕ್ಕೆ ಎಸ್ರು ಆಮ್ಯಾಕೆ ಇಡಾನ. ಸದ್ದು ಎಂಗ್ ಬತ್ತದೆ, ಮಾಡಿ.”

“ಇಂಜಿನ್ ಸ್ಟಾರ್ಟ್ ಮಾಡಿದ್ರೆ ನಿನಗೇ ಕೇಳ್ಸುತ್ತೆ.” ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

“ನಂಗ್ ಕೇಳ್ಸುತ್ತೆ. ನಿಮ್ಗೇನ್ ಕೇಳ್ಸ್ತದೆ ಅಂತ ಬೇಕಿತ್ತು.”

ತಂದೆಯೇ ಮುಂದೆ ಬಂದು, “ಟೊಕ್, ಟೊಕ್... ಟೊಕ್. ಟೊಕ್ಟೊಕ್” ಎಂದರು.

“ಬೇರಿಂಗ್ ಆಗಿದ್ರೆ ಇಂಗೆ ತಾಳ ತಪ್ಪಾಕಿಲ್ಲ ಗೌಡ್ರೆ” ಎಂದರು ಮೇಸ್ತ್ರಿ.

ಅರ್ಧ ದಿನ ಆ ಸದ್ದು ಕೇಳಿದ್ದೆ. ಅದು ತಾಳ ತಪ್ಪುತ್ತಿರುವುದನ್ನು ನಾನು ಗಮನಿಸಿರಲಿಲ್ಲ. ತಂದೆ ಗಮನಿಸಿದ್ದರು.

ಮೇಸ್ತ್ರಿ ಬೆಲ್ಟನ್ನು ಕಳಚಿ ಇಂಜಿನ್ ಓಡಿಸಿದರು. ಸದ್ದಿಲ್ಲ. ಬೆಲ್ಟ್ ಮತ್ತೆ ಹಾಕಿದಾಗ ಸದ್ದು ಮರಳಿ ಬಂತು ಎಂದು ತಂದೆ ಕೊನೆಯವರೆಗೂ ಹೇಳುತ್ತಿದ್ದರು. ನನಗದು ನೆನಪಿಲ್ಲ. ಇಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಮೇಸ್ತ್ರಿ ಆ ಬೆಲ್ಟ್ ಸುತ್ತುವ ಡೈನಮೋದ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ಎರಡು ಬೆರಳಲ್ಲಿ ಹಿಡಿದು ತಿರುವಿದರು. ಎಳ್ಳುಕಾಳಿನಷ್ಟು ಅಲುಗುತ್ತದೆ ಎಂದರು. ಪುಲ್ಲಿ ತನ್ನ ದಂಡದ ಮೇಲೆ ಜಾರದಂತೆ ಅವೆರಡರ ನಡುವೆ ಒಂದು ಸಣ್ಣ ಕಬ್ಬಿಣದ ಕೀ ಇರುತ್ತದೆ. ಆ ಕೀ ಕೂರುವ ಕಚ್ಚು ಪುಲ್ಲಿಯಲ್ಲಿ ಸವೆದಿದೆ, ಅದಕ್ಕೇ ಕುಟ್ಟುತ್ತಿದೆ ಎಂಬುದು ಅವರ ತೀರ್ಮಾನ. ತಂದೆ ಬಗ್ಗಿ ನೋಡಿ ತಲೆಯಾಡಿಸಿದರು. ನಾನು ಬಗ್ಗಲಿಲ್ಲ.

ಹಳೆಯ ಸಾಮಾನಿನ ಡಬ್ಬದಿಂದ ಬೇರೊಂದು ಪುಲ್ಲಿ ಹುಡುಕಿ, ಅದಕ್ಕೆ ಹೊಸ ಕೀ ಅರದಿಂದ ಉಜ್ಜಿ ಕೂರಿಸಿದರು. ಸದ್ದು ನಿಂತಿತು. ತೆಗೆದ ಭಾಗವನ್ನು ಕಾಗದದಲ್ಲಿ ಸುತ್ತಿ ಕಾರಿನವರಿಗೇ ಹಿಂದಿರುಗಿಸುವುದು ಅವರ ಇನ್ನೊಂದು ಪದ್ಧತಿ. ಆ ದಿನ ಅದನ್ನು ತಂದೆಗೆ ಕೊಡದೆ ನನಗೆ ಕೊಟ್ಟರು.

“ನಿಮ್ತಾವ ಇರ್ಲಿ. ಅನ್ಮಾನ ಬಂದಾಗ ತೆಗ್ದು ನೋಡಿ.”

ಅದನ್ನು ಕುಹಕ ಎಂದುಕೊಂಡೆ. ಪೊಟ್ಟಣ ಬಿಚ್ಚದೆ ತೋಟದ ಮನೆಯ ಮೂಲೆಗೆ ಎಸೆದೆ. ಪುಲ್ಲಿಗೆ ಏನೂ ಆಗಿರಲಿಲ್ಲ, ಬೆಲ್ಟ್ ತೆಗೆದು ಹಾಕುವಾಗ ಡೈನಮೋದ ಬೋಲ್ಟುಗಳು ಬಿಗಿಯಾದವು, ಸದ್ದು ನಿಂತದ್ದು ಅದರಿಂದ ಎಂದು ನಾನೊಂದು ವಾದ ಕಟ್ಟಿದೆ. ಊಟಕ್ಕೆ ಕೂತಾಗ, ಕಾರಿನಲ್ಲಿ ಹೆಬ್ಬಾಳದ ಕೆರೆ ಏರಿ ದಾಟುವಾಗ, ವರ್ಷಗಟ್ಟಲೆ ಅದನ್ನೇ ಹೇಳಿದೆ. “ಇರ್ಬೋದು ಕಣಪ್ಪ” ಎನ್ನುತ್ತಿದ್ದರು ತಂದೆ. ಮಾರನೆಯ ವಾರ ಮತ್ತೆ ಹುಣಸೆಮರದ ಕೆಳಗಿರುತ್ತಿದ್ದರು.

ಆ ದಶಕ ಮುಗಿಯುವ ಮೊದಲೇ ಮೇಸ್ತ್ರಿ ಕಾಯಿಲೆ ಬಿದ್ದು ತೀರಿಕೊಂಡರು. ಸುದ್ದಿ ಬಂದಾಗ ನನಗೆ ಮೊದಲು ಹೊಳೆದದ್ದು, ಇನ್ನು ತಂದೆ ನನ್ನನ್ನೇ ಕೇಳಬೇಕು ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಈ ನೆನಪಿನಲ್ಲಿ ಮಾತ್ರ ಅನುಮಾನವಿಲ್ಲ.

ತಂದೆ ಕೇಳಿದರು ಕೂಡ. ಕೆಲವು ತಿಂಗಳ ಮೇಲೆ, “ಕಾರು ಏನೋ ಸದ್ದು ಮಾಡ್ತದೆ ಕಣಪ್ಪ” ಎಂದರು.

“ಎಂಥ ಸದ್ದು?”

ಅವರು ಬಾಯಿ ತೆರೆದು ಕತ್ತು ಚಾಚಿದರು. ನನ್ನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡು, “ಏನೋ ಒಂದು. ನೀನೇ ನೋಡು” ಎಂದು ಒಳಗೆ ಹೋದರು.

ಅವತ್ತೇ ಸಂಜೆ ತೋಟದ ಮನೆಯ ಮೂಲೆಯಿಂದ ಆ ಪೊಟ್ಟಣವನ್ನು ಹೊರತೆಗೆದೆ. ಆ ಹೊತ್ತಿಗೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ವರ್ಕ್‌ಶಾಪಿಗೆ ಮರುದಿನ ಒಯ್ದು, ತುಕ್ಕು ಉಜ್ಜಿ, ವರ್ನಿಯರ್ ಹಿಡಿದು ಮೂರು ಸಲ ಅಳೆದೆ. ಕಚ್ಚಿನ ಒಂದು ದಡ ನೆಟ್ಟಗಿತ್ತು. ಇನ್ನೊಂದು ದಡ ಎಳ್ಳುಕಾಳಿನಷ್ಟು ತಿಂದುಹೋಗಿತ್ತು. ಅದನ್ನೊಂದು ದಂಡಕ್ಕೆ ಏರಿಸಿ, ಹೊಸ ಕೀ ಇಟ್ಟು, ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ತಿರುವಿದೆ. ತಂದೆ ಶೆಡ್ಡಿನಲ್ಲಿ ಬಾಯಲ್ಲಿ ಮಾಡಿದ್ದ ಸದ್ದು ಹಾಗೇ ಬಂತು.