ಚೌಕಕ್ಕೆಲ್ಲ ಕೇಳಿದ ಪ್ರಾರ್ಥನೆ

ಪ್ರಿಯ ವಿಶ್ವಾಸಿಗಳೇ, ಮೊದಲು ಖರ್ಚಿನ ಮಾತು ಮುಗಿಸಿಬಿಡುತ್ತೇನೆ. ಈ ಪ್ರಾರ್ಥನೆಗೆ ನಾನು ತೆತ್ತದ್ದು ಒಂದು ಒಳ್ಳೆಯ ಆಂಪ್ಲಿಫಯರ್, ಕಂಬಕ್ಕೆ ಕಟ್ಟುವ ಎರಡು ಭೋಂಗಾ ಲೌಡ್‌ಸ್ಪೀಕರ್, ಮತ್ತು ಚುನಾವಣೆಗೆ ನಿಂತ ಇಬ್ಬರು ಗಿರಾಕಿಗಳು. ಆಂಪ್ಲಿಫಯರ್ ಈಗಲೂ ಪೊಲೀಸ್ ಠಾಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಗೆದ್ದವನ ಮೆರವಣಿಗೆಗೆ ಬೇರೆ ಯಾರದೋ ಮೈಕು ಹೋಯಿತು. ಸೋತವನ ಬೈಠಕ್ಕಿಗೂ ಬೇರೆ ಯಾರದೋ ಕುರ್ಚಿ ಹೋದವು. ಆದರೆ ನನಗೆ ಸಿಕ್ಕಿದ್ದು ಎರಡು ತಲೆ. ಒಂದು ನನ್ನ ಮಗನದು, ಇನ್ನೊಂದು ನನ್ನ ತಂಗಿಯ ಮಗನದು. ಇಷ್ಟು ಅಗ್ಗದ ವ್ಯಾಪಾರ ನಾನು ಜೀವಮಾನದಲ್ಲಿ ಮಾಡಿಲ್ಲ.

ನಾನು ಬೀದರ್ ಜಿಲ್ಲೆಯವನು. ಸೆಂಟ್ರಿಂಗ್ ಕೆಲಸಕ್ಕೆಂದು ನಾಸಿಕಕ್ಕೆ ಬಂದೆ. ಒಂದು ಹಳೆಯ ಟಾರ್ಪಾಲು ಕೊಂಡು ಬಾಡಿಗೆಗೆ ಬಿಟ್ಟೆ. ಅಲ್ಲಿಂದ ಮಂಡಪ, ಕುರ್ಚಿ, ಮೈಕಿನ ತನಕ ಬೆಳೆದೆ. ಓದು ಕಡಿಮೆ, ಚೌಕಾಸಿ ಜಾಸ್ತಿ. ಎದುರಿಗಿದ್ದವನ ಮುಖ ನೋಡಿಯೇ ಎಲ್ಲಿ ಇಳಿಯುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ಹೇಳಬಲ್ಲೆ. ಹಾಗಾಗಿ ಯಾವ ಜಗಳವಾದರೂ ನಡುವೆ ಕೂತು ಮುಗಿಸಬಲ್ಲೆ ಎಂಬ ಸೊಕ್ಕೂ ಇತ್ತು. ಈ ಸಲದ ಮಹಾನಗರಪಾಲಿಕೆ ಚುನಾವಣೆ ಆ ಸೊಕ್ಕನ್ನು ಇಳಿಸಿತು.

ನನ್ನ ತಂಗಿ ಮಾರ್ಥಾ ಛತ್ರಪತಿ ಸಂಭಾಜಿನಗರದಲ್ಲಿ ಇರುತ್ತಾಳೆ. ಗಂಡ ತೀರಿಕೊಂಡ ಮೇಲೆ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಅವಳ ಒಬ್ಬನೇ ಮಗ ಆಶಿಷ್ ಹತ್ತನೆಯ ತರಗತಿ ಮುಗಿಸಿ ನನ್ನಲ್ಲಿಗೆ ಬಂದ. ನನ್ನ ಮಗ ಸುಮಿತ್ ಅವನದೇ ವಯಸ್ಸಿನವನು. ಇಬ್ಬರೂ ಒಂದೇ ತಾಟಿನಲ್ಲಿ ಉಂಡು, ಒಂದೇ ಗಾಡಿಯಲ್ಲಿ ತಿರುಗಿ ದೊಡ್ಡವರಾದರು. ಮನೆಯಲ್ಲಿ ನಾವು ಕನ್ನಡ ಆಡಿದರೆ ಅವರು ಮರಾಠಿಯಲ್ಲಿ ಉತ್ತರ ಕೊಡುವುದು ಹೆಚ್ಚು. ಆದರೆ ನಾವು ಆಡಿದ್ದರಲ್ಲಿ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನಮ್ಮ ವಾರ್ಡಿನಲ್ಲಿ ನಿಂತವರಲ್ಲಿ ಜೋರಿನವರು ಇಬ್ಬರು. ನಿಜ ಹೆಸರು ಬೇಡ. ಜನ ಒಬ್ಬನನ್ನು ತಾತ್ಯಾ ಅನ್ನುತ್ತಾರೆ, ಇನ್ನೊಬ್ಬನನ್ನು ನಾನಾ. ನಾನು ಇಬ್ಬರಿಗೂ ಮೈಕು ಕೊಟ್ಟೆ. ಹುಡುಗರು ತಮ್ಮನ್ನೇ ಕೊಟ್ಟುಬಿಟ್ಟರು. ಸುಮಿತ್ ತಾತ್ಯಾನ ಪಕ್ಷದ ಶಾಲು ಹೊದ್ದ, ಆಶಿಷ್ ನಾನಾನ ಶಾಲು ಹೊದ್ದ. ಮೊದಮೊದಲು ಮನೆಯಲ್ಲಿ ಚೇಷ್ಟೆ ನಡೆಯಿತು. ಒಂದು ದಿನ ಚಹಾದಂಗಡಿಯ ಮುಂದೆ ಒಬ್ಬನ ಬ್ಯಾನರ್ ಹರಿದ ಮಾತಿಗೆ ಕೈ ಕೈ ಮಿಲಾಯಿಸಿದರು. ಸುಮಿತ್ ಎಸೆದ ಗ್ಲಾಸು ಆಶಿಷನ ಹುಬ್ಬು ಸೀಳಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅವನ ಕೈ ಹಿಡಿದು ಕೂತವನು ನಾನೇ. ಆದರೆ ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ, ನಾನಾನ ಪ್ರಚಾರ ಕಚೇರಿಗೆ ಹೋದ.

"ಮನಿಗಿ ನಡಿಯಪ್ಪಾ," ಅಂದೆ.

"ಬರಂಗಿಲ್ಲ ಮಾಮಾ. ಮತದಾನದ ದಿನ ಈ ಹೊಲಿಗಿ ಅವನ ತಲಿಗಿ ವಾಪಸ್ ಕೊಡ್ತೀನಿ. ನೀವು ನಡುವ ಬರಬ್ಯಾಡ್ರಿ."

ಸುಮಿತನನ್ನು ಕ್ಷಮೆ ಕೇಳು ಎಂದರೆ, "ಅವ ಮೊದಲ ಆ ಶಾಲು ತೆಗೀಲಿ ಪಪ್ಪಾ" ಎಂದ. ಒಬ್ಬನಿಗೆ ಹೊಸ ಗಾಡಿ ಕೊಡಿಸುತ್ತೇನೆ ಎಂದೆ, ಇನ್ನೊಬ್ಬನಿಗೆ ಅಂಗಡಿಯ ಅರ್ಧ ಪಾಲು ಎಂದೆ. ಯಾರೂ ಇಳಿಯಲಿಲ್ಲ. ಎರಡೂ ಕಡೆಯ ಹುಡುಗರು ನನ್ನ ಗೋದಾಮಿನಿಂದಲೇ ಒಯ್ದ ಬಿದಿರನ್ನು ಕೈಯಲ್ಲಿ ಹಿಡಿದು ತಿರುಗುತ್ತಿದ್ದರು. ಮಂಡಪಕ್ಕೆ ಕೊಟ್ಟ ಬಿದಿರು ಬಡಿದಾಟಕ್ಕೆ ಬಳಕೆಯಾಗುವುದು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಉಣ್ಣಲು ಕೂತರೆ ಏಳಬೇಕು, ಎದ್ದರೆ ಬಾಗಿಲಿಗೆ ಹೋಗಬೇಕು, ಬಾಗಿಲಲ್ಲಿ ನಿಂತರೆ ಚೌಕದ ಕಡೆ ಕಿವಿ.

ಕೊನೆಗೆ ತಂಗಿಯನ್ನು ಕರೆತರಲು ಎಸ್‌ಟಿ ಬಸ್ಸು ಹತ್ತಿದೆ. ವೈಜಾಪುರದಲ್ಲಿ ಬಸ್ಸು ನಿಂತಾಗ ಚಹಾ ತೆಗೆದುಕೊಂಡು ಒಂದು ಗುಟುಕೂ ಕುಡಿಯದೆ ಅಲ್ಲೇ ಇಟ್ಟು ಬಂದೆ. ದಾರಿಯುದ್ದಕ್ಕೂ ದೇವರೊಡನೆ ಚೌಕಾಸಿ ನಡೆದಿತ್ತು. ಕರ್ತನೇ, ನಾನಾನನ್ನು ಸೋಲಿಸು, ಆಶಿಷನ ಸೊಕ್ಕು ಇಳಿಯುತ್ತದೆ ಎಂದೆ. ಸ್ವಲ್ಪ ದೂರ ಹೋಗಿ, ಬೇಡ, ತಾತ್ಯಾನನ್ನು ಸೋಲಿಸು, ಸುಮಿತ್ ದಾರಿಗೆ ಬರುತ್ತಾನೆ ಎಂದೆ. ಆಮೇಲೆ ಚುನಾವಣೆಯನ್ನೇ ಮುಂದೂಡು ಎಂದೆ. ಯಾವುದಕ್ಕೂ ಮನಸ್ಸಿಗೆ ಸಮಾಧಾನ ಸಿಗಲಿಲ್ಲ.

ಮಾರ್ಥಾ ಅಳಲಿಲ್ಲ. ಕೈಯಲ್ಲಿನ ಹಿಟ್ಟು ತೊಳೆದುಕೊಂಡು ಹೇಳಿದಳು: "ಅಣ್ಣಾ, ನಿನ್ನ ಕೈಯಾಗ ಹುಡುಗನ್ನ ಕೊಟ್ಟಾಗ ಅವನ ತಲಿ ಸರಿ ಇತ್ತು. ಹಂಗೇ ತಿರುಗಿ ಕೊಡು. ನಿನ್ನ ಬಾಡಿಗಿ ಸಾಮಾನಿಗಿ ನೀ ಹಿಂಗೇ ಕೇಳ್ತಿ ಹೌದಲ್ಲ?"

ಅದೇ ದಿನ ಅವಳನ್ನು ಕರೆದುಕೊಂಡು ನಾಸಿಕಕ್ಕೆ ಬಂದೆ. ಆಶಿಷ್ ಬಸ್ ನಿಲ್ದಾಣದಿಂದ ತಾಯಿಯ ಚೀಲ ಹೊತ್ತು ನನ್ನ ಬಾಗಿಲ ತನಕ ಬಂದ, ಹೊಸ್ತಿಲು ದಾಟಲಿಲ್ಲ.

ಬೀದರ್, ಕಲಬುರಗಿ ಕಡೆಯ ಕೆಲವು ಕನ್ನಡ ಕುಟುಂಬಗಳು ವಾರಕ್ಕೊಮ್ಮೆ ಸಂಜೆ ನನ್ನ ಗೋದಾಮಿನಲ್ಲಿ ಪ್ರಾರ್ಥನೆಗೆ ಕೂಡುತ್ತೇವೆ. ಗೋದಾಮು ಚೌಕದ ಮೂಲೆಗೇ ಇದೆ. ಮತದಾನಕ್ಕೆ ಮುಂಚಿನ ಆ ವಾರ ನಮ್ಮ ಕೂಟದ ದಿನವೂ ಪ್ರಚಾರದ ಕೊನೆಯ ದಿನವೂ ಒಂದೇ ಆಯಿತು. ಸಂಜೆ ಪ್ರಚಾರ ನಿಂತಿತು, ಎಲ್ಲರ ಮೈಕು ಬಂದ್. ಕೊನೆಯ ಸಭೆಯ ಭೋಂಗಾ ಎರಡು ಇನ್ನೂ ಚೌಕದ ಕಂಬದ ಮೇಲೆ ಇದ್ದವು. ಕೆಲಸದವರು ದಣಿದಿದ್ದರು, ಬೆಳಿಗ್ಗೆ ಇಳಿಸಿದರಾಯಿತು ಎಂದು ನಾನೇ ಹೇಳಿದ್ದೆ.

ಆ ಸಂಜೆ ನಾನು ಎಂದಿನಂತೆ, "ನಮ್ಮ ಸರ್ಕಾರವನ್ನು ಆಶೀರ್ವದಿಸು, ಚುನಾವಣೆ ಶಾಂತಿಯಿಂದ ನಡೆಸಿಕೊಡು" ಎಂದು ಶುರುಮಾಡಿದೆ. ನಮ್ಮ ಕೂಟದ ಹಿರಿಯಳು ರಾಹೇಲಮ್ಮ ತಡೆದಳು. ಅವಳಿಗೆ ಕಿವಿ ಮಂದ, ಬಾಯಿ ಚುರುಕು.

"ಸರ್ಕಾರ ಅಂತ ಒಬ್ಬ ಮನಷ್ಯಾ ಅದಾನೇನೋ? ಯಾರ ಮನಿ ಬಾಗಿಲಕ ಹೋಗಿ ಆಶೀರ್ವಾದ ಕೊಡಬೇಕು ದೇವರು? ಹೆಸರು ಹಿಡಿದು ಕೇಳು. ಇಬ್ಬರದೂ ಹಿಡಿ. ನೀ ಯಾರಿಗಿ ಓಟು ಹಾಕಂಗಿಲ್ಲ, ಅವನ ಹೆಸರೂ ಹಿಡಿ."

"ಹಿಡೀತೀನಿ ಅವ್ವಾ."

"ಮತ್ತ ಜೋರಾಗಿ ಕೇಳು. ನನಗ ಕೇಳಸಬೇಕು."

ಅವಳಿಗೆ ಕೇಳಲಿ ಎಂದು ಒಂದು ಸಣ್ಣ ಸ್ಪೀಕರ್ ಡಬ್ಬಿಯನ್ನು ಅವಳ ಪಕ್ಕ ಇಟ್ಟು, ಆಂಪ್ಲಿಫಯರಿಗೆ ಮೈಕು ಸಿಕ್ಕಿಸಿದೆ. ಕಂಬದ ಭೋಂಗಾದ ವೈರು ಅದೇ ಆಂಪ್ಲಿಫಯರಿನ ಹಿಂದೆ ಇನ್ನೂ ಇತ್ತು. ಮೈಕಿನ ವ್ಯಾಪಾರ ಮಾಡಿಯೇ ತಲೆ ಬೆಳ್ಳಗಾದವನು ನಾನು, ಹಿಂದೆ ಬಗ್ಗಿ ನೋಡಲಿಲ್ಲ. ಚಳಿಗೆ ಶಟರ್ ಎಳೆದಿದ್ದೆವು. ನನ್ನ ಧ್ವನಿ ಹೊರಗಿನಿಂದ ತಿರುಗಿ ಬರುತ್ತಿದೆ ಎಂದು ಒಂದು ಕ್ಷಣ ಅನ್ನಿಸಿತು. ಈ ದಿನ ಪ್ರಾರ್ಥನೆಗೆ ಬಲ ಬಂದಿದೆ ಅಂದುಕೊಂಡು ಇನ್ನೂ ಜೋರು ಮಾಡಿದೆ.

ಪ್ರಾರ್ಥಿಸಿದ್ದು ಇಷ್ಟು: "ಕರ್ತನೇ, ನಾವು ಮಾಡಿದ ನಾನಾ ವಿಧವಾದ ಪಾಪಗಳನ್ನು ಕ್ಷಮಿಸು. ನಾನಾ ವಿಧದಲ್ಲಿ ನಿನ್ನನ್ನು ನೋಯಿಸಿದ್ದೇವೆ. ದಿಲ್ಲಿಯಿಂದ ನಮ್ಮ ವಾರ್ಡಿನ ತನಕ ಆಳುವವರಿಗೆಲ್ಲ ನ್ಯಾಯದ ಮನಸ್ಸು ಕೊಡು. ತಾತ್ಯಾನನ್ನು ಆಶೀರ್ವದಿಸು, ನಾನಾನನ್ನು ಆಶೀರ್ವದಿಸು. ಇಬ್ಬರನ್ನೂ ತಕ್ಕಡಿಗೆ ಹಾಕಿ ತೂಗಿದರೆ ಪಾವು ಕಿಲೋ ಸತ್ಯ ಹೊರಡುವುದಿಲ್ಲ, ಅದು ನಿನಗೂ ಗೊತ್ತು. ಆದರೂ ಗೆದ್ದವನಿಗೆ ಬುದ್ಧಿ ಕೊಡು, ಸೋತವನಿಗೆ ನಿದ್ದೆ ಕೊಡು. ಯಾವ ತಾಯಿಯ ಮಗನ ತಲೆಯೂ ಒಡೆಯದಿರಲಿ. ನನ್ನ ಆಶಿಷ್, ನನ್ನ ಸುಮಿತ್ ನಿನ್ನ ಕೈಯಲ್ಲಿದ್ದಾರೆ. ದಿನಾ ಆಶಿಷನ ತಾಟು ಇಡುತ್ತೇವೆ. ಅದನ್ನು ನೋಡಿ ಸುಮಿತ್ ಅರ್ಧ ಊಟಕ್ಕೆ ಏಳುತ್ತಾನೆ. ನನ್ನ ಚೌಕಾಸಿ ಮುಗಿಯಿತು. ನೀನು ಏನು ಕೊಟ್ಟರೂ ತಗೊಳ್ಳುತ್ತೇನೆ."

ಆಮೆನ್ ಅನ್ನುವ ಮೊದಲೇ ಶಟರಿನ ಮೇಲೆ ದಬದಬ ಬಡಿದರು.

ಮೈಕು ಕೈಯಲ್ಲೇ ಹಿಡಿದು ಶಟರ್ ಎತ್ತಿದೆ. ಚೌಕದ ಆ ಕಡೆ ನಾನಾನ ಹುಡುಗರು, ಈ ಕಡೆ ತಾತ್ಯಾನ ಹುಡುಗರು, ನಡುವೆ ನಾನು. ಅವರಿಗೆ ಕನ್ನಡ ಬಾರದು. ಅವರ ಕಿವಿಗೆ ಬಿದ್ದದ್ದು ಹೆಸರುಗಳು, ಮತ್ತು ಮರಾಠಿಯಲ್ಲೂ ಇರುವ ಪಾಪದಂಥ ಒಂದೆರಡು ಮಾತು ಮಾತ್ರ.

"ಕಾಕಾ, ನಾನಾ ಅಂದಿರಿ, ಅದರ ಬೆನ್ನಿಗೇ ಪಾಪ ಅಂದಿರಿ. ನಮ್ಮ ನಾನಾ ಪಾಪಿನಾ?" ಎಂದು ಒಬ್ಬ ಮರಾಠಿಯಲ್ಲಿ ಕೂಗಿದ.

ಈ ಕಡೆಯವನು, "ಪ್ರಚಾರ ಬಂದ್ ಆದ ಮೇಲೆ ನಾನಾ ನಾನಾ ಅಂತ ಮತ್ತೆ ಮತ್ತೆ ಹೆಸರು ಹೇಳ್ತೀರಿ, ತಾತ್ಯಾನದು ಒಂದೇ ಸಲ. ಎಷ್ಟು ತಗೊಂಡ್ರಿ?" ಎಂದ.

ನಾನಾ ಎಂದರೆ ತರತರದ ಎಂಬ ಅರ್ಥ ಮರಾಠಿಯಲ್ಲೂ ಇದೆ. ಆದರೆ ಚುನಾವಣೆಯ ವಾರ ಆ ಚೌಕದಲ್ಲಿ ನಾನಾ ಅಂದರೆ ಒಬ್ಬನೇ. ನಾನು ಬಾಯಿ ತೆರೆದರೆ ಎರಡೂ ಕಡೆ ಗದ್ದಲ. ಬಿದಿರು ಮೇಲೆದ್ದವು. ಯಾರೋ ಇಟ್ಟಿಗೆ ತುಂಡು ಎತ್ತಿಕೊಂಡ. ಹಿಂದಿನಿಂದ ಮಾರ್ಥಾ ನನ್ನ ಅಂಗಿ ಹಿಡಿದುಕೊಂಡಿದ್ದಳು.

ಆಗ ನಾನಾನ ಕಡೆಯ ಹಿರಿಯನೊಬ್ಬ, "ಆಶಿಷ್, ನಿನಗೆ ಇವರ ಭಾಷೆ ಗೊತ್ತಲ್ಲ, ಏನಂದರು ಹೇಳು" ಎಂದ. ಅದೇ ಹೊತ್ತಿಗೆ ಈ ಕಡೆಯವರು ಸುಮಿತನನ್ನು ಮುಂದೆ ತಳ್ಳಿದರು. ಅಷ್ಟು ಜನರಲ್ಲಿ ನನ್ನ ಪ್ರಾರ್ಥನೆ ತಿಳಿದವರು ಅವರಿಬ್ಬರೇ. ಆ ಇಟ್ಟಿಗೆ ಹಾರಲು ಯಾರ ಬಾಯಿಂದಲಾದರೂ ಒಂದು ಮಾತು ಸಾಕಿತ್ತು. ತಕ್ಕಡಿಯ ಮಾತು ನನಗೆ ಆಗ ನೆನಪಾಯಿತು.

ಆಶಿಷ್ ಹುಬ್ಬಿನ ಪಟ್ಟಿ ಮುಟ್ಟಿಕೊಂಡ. ಸುಮಿತನನ್ನು ನೋಡಿದ. ಆಮೇಲೆ ಮರಾಠಿಯಲ್ಲಿ ಹೇಳಿದ: "ಪಾಪ ನಾನಾನದಲ್ಲ. ನಾನಾ ಪ್ರಕಾರದ ಪಾಪ, ಅಂದರೆ ತಮ್ಮವು. ಮಾಮಾ ತಮ್ಮ ಪಾಪಕ್ಕೇ ಮಾಫಿ ಕೇಳಿದರು. ನಾನಾಗೂ ಆಶೀರ್ವಾದ ಕೇಳಿದರು, ತಾತ್ಯಾಗೂ."

"ಖರೇನಾ?" ಎಂದು ಈ ಕಡೆಯವರು ಸುಮಿತನನ್ನು ಕೇಳಿದರು.

"ಖರೇ," ಎಂದ ಸುಮಿತ್. "ಗೆದ್ದವರಿಗೆ ಬುದ್ಧಿ ಕೊಡು, ಸೋತವರಿಗೆ ನಿದ್ದೆ ಕೊಡು ಅಂದರು. ಯಾರ ತಲೆಯೂ ಒಡೆಯಬಾರದು ಅಂದರು. ಮತ್ತೆ..." ಆಶಿಷನ ಕಡೆ ನೋಡಿದ. "ಮತ್ತೆ ನಮ್ಮನೆ ಊಟದ ಮಾತು."

ನಾನಾನ ಕಡೆಯವನೊಬ್ಬ, "ಹಾಗಾದರೆ ತಾತ್ಯಾಗೆ ಒಂದು ಹಾಸಿಗೆ ಬಾಡಿಗೆಗೆ ಕೊಡಿ ಕಾಕಾ, ನಿದ್ದೆಗೆ ಬೇಕಾಗುತ್ತದೆ" ಎಂದ. "ದಿಂಬು ನಾನಾನ ಮನೆಗೆ ಕಳಿಸಿ" ಎಂದು ಈ ಕಡೆಯಿಂದ ಉತ್ತರ ಬಂತು. ನಕ್ಕರು. ಬಿದಿರು ಕೆಳಗಿಳಿದವು. ಇಟ್ಟಿಗೆ ಹಿಡಿದವನು ಅದನ್ನು ಎಲ್ಲಿಡಬೇಕು ತಿಳಿಯದೆ ನಮ್ಮ ಮೆಟ್ಟಿಲ ಪಕ್ಕಕ್ಕೆ ಇಟ್ಟು ಹೋದ.

ಅಷ್ಟರಲ್ಲಿ ಪೊಲೀಸರು ಬಂದರು. ಹವಾಲ್ದಾರ ಒಳ್ಳೆಯವನು. "ಪ್ರಾರ್ಥನೆ ಮಾಡಿ ಕಾಕಾ, ಯಾರೂ ಬೇಡ ಅನ್ನುವುದಿಲ್ಲ. ಭೋಂಗಾಕ್ಕೆ ಪರವಾನಗಿ ಇಲ್ಲ" ಎಂದು ಸಾಮಾನು ಜಪ್ತಿ ಮಾಡಿದ. ಒಂದು ಭೋಂಗಾ ಆದರೂ ಬಿಡಿ ಎಂದು ನಾನು ಶುರುಮಾಡುವಷ್ಟರಲ್ಲಿ ಮಾರ್ಥಾ ನನ್ನ ಬೆನ್ನು ಚಿವುಟಿದಳು.

ಕಂಬದ ಮೇಲಿನದನ್ನು ಇಳಿಸಿಕೊಡಬೇಕಿತ್ತು. ಯಾರೂ ಹೇಳದೆ ಆಶಿಷ್ ಏಣಿ ಹತ್ತಿದ. ಯಾರೂ ಹೇಳದೆ ಸುಮಿತ್ ಏಣಿ ಹಿಡಿದ.

"ಸರಿಯಾಗಿ ಹಿಡಿಯೋ," ಎಂದು ಮೇಲಿನಿಂದ ಆಶಿಷ್. ಬಹಳ ದಿನದ ಮೇಲೆ ಅವನ ಬಾಯಲ್ಲಿ ಕನ್ನಡ.

"ಹಿಡಿದೀನಿ. ಬಿಟ್ರ ಮತ್ತ ಹೊಲಿಗಿ ಖರ್ಚು ಪಪ್ಪಾಗೇ ಬೀಳ್ತದ."

ಆ ದಿನ ತಾಟಿನ ಮುಂದೆ ಇಬ್ಬರೂ ಕೂತರು. ನನಗೆ ತಡೆಯಲಾಗಲಿಲ್ಲ. "ತಕ್ಕಡಿ ಮಾತು ಯಾಕ್ ಹೇಳ್ಲಿಲ್ಲ?" ಎಂದು ಕೇಳಿದೆ.

"ಸುಮಿತ್ ಹೇಳ್ತಾನ ಅಂತ ನಾ ಅಂಜಿದ್ದೆ ಮಾಮಾ," ಎಂದ ಆಶಿಷ್.

"ಇವ ಹೇಳ್ತಾನ ಅಂತ ನಾ ಅಂಜಿದ್ದೆ," ಎಂದ ಸುಮಿತ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮಾರ್ಥಾ ಮಾತ್ರ ಒಳಗೆ ಹೋಗಿ ಅತ್ತಳು. ಒಬ್ಬರನ್ನೊಬ್ಬರು ಕೇಳದೆ, ಒಂದೇ ಮಾತನ್ನು ಇಬ್ಬರ ನಾಲಿಗೆಯಲ್ಲೂ ತಡೆದವನು ಯಾರು? ನಾನು ಎಷ್ಟು ಒಪ್ಪಂದ ಮಾಡಿಸಿದವನು. ಇಂಥದೊಂದು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ನನಗೆ ಗೊತ್ತು. ದೇವರಿಗೆ ಸ್ತೋತ್ರ.

ಮತದಾನದ ದಿನ ಇಬ್ಬರೂ ಶಾಲು ಮನೆಯಲ್ಲಿಟ್ಟು, ರಾಹೇಲಮ್ಮನನ್ನು ನಮ್ಮ ಮಂಡಪದ ಕುರ್ಚಿಯಲ್ಲಿ ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ಮತಗಟ್ಟೆಗೆ ಹೊತ್ತುಕೊಂಡು ಹೋದರು. ಯಾರಿಗೆ ಹಾಕಿದಿ ಅವ್ವಾ ಎಂದರೆ, "ಹೇಳಿದ್ರ ಕುರ್ಚಿ ಕೆಳಗ ಬಿಡ್ತೀರಿ" ಎಂದಳು. ವಾರ್ಡಿನಲ್ಲಿ ಒಂದು ಕಲ್ಲೂ ಹಾರಲಿಲ್ಲ. ಯಾರು ಗೆದ್ದರು ಎಂಬುದು ಈ ಸಾಕ್ಷಿಗೆ ಬೇಕಾಗಿಲ್ಲ. ಪೊಲೀಸರು ಜಪ್ತಿ ಮಾಡಿದವನ ಮೈಕು ಬೇಡವೆಂದು ತಾತ್ಯಾ, ನಾನಾ ಇಬ್ಬರೂ ನನ್ನ ಅಂಗಡಿ ಬಿಟ್ಟರು. ಗೆದ್ದವನಿಗಾಗಿ ಈಗಲೂ ಪ್ರತಿ ವಾರ ಹೆಸರು ಹಿಡಿದು ಬುದ್ಧಿ ಕೇಳುತ್ತಿದ್ದೇವೆ. ಆ ಕೆಲಸ ಇನ್ನೂ ನಡೆಯುತ್ತಿದೆ. ಮಾರ್ಥಾ ಊರಿಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಮಗನ ತಲೆ ಸವರಿ, "ಸಾಮಾನು ಸರಿ ಅದ ಅಣ್ಣಾ" ಎಂದಳು.

ಓದುವ ಸಹೋದರ ಸಹೋದರಿಯರಿಗೆ ನನ್ನ ಸಲಹೆ ಇಷ್ಟೇ. ಮುಂದಿನ ಚುನಾವಣೆ ನಿಮ್ಮ ಊರಿಗೂ ಬರುತ್ತದೆ. ಆಳುವವರಿಗಾಗಿ ಪ್ರಾರ್ಥಿಸುವಾಗ ಸರ್ಕಾರ ಎಂದು ಸಗಟಾಗಿ ಕೇಳಬೇಡಿ, ಒಬ್ಬೊಬ್ಬರ ಹೆಸರು ಹಿಡಿಯಿರಿ. ನಿಮಗೆ ಆಗದವನ ಹೆಸರನ್ನು ಮೊದಲು ಹಿಡಿಯಿರಿ, ಆಮೇಲೆ ಅವನನ್ನು ಬೈಯುವುದು ಕಷ್ಟವಾಗುತ್ತದೆ. ಮುನಿಸಿಕೊಂಡು ಹೋದವನ ತಾಟು ಎತ್ತಿಡಬೇಡಿ. ಮನೆಯ ಮಕ್ಕಳಿಗೆ ಕನ್ನಡ ಆಡಲು ಬಾರದಿದ್ದರೂ ಚಿಂತೆಯಿಲ್ಲ, ತಿಳಿಯುವಷ್ಟಾದರೂ ಕಲಿಸಿ. ಮೈಕು ಹಿಡಿಯುವ ಮುಂಚೆ ಹಿಂದೆ ಬಗ್ಗಿ ವೈರು ನೋಡಿ. ನೋಡಿದ ಮೇಲೂ, ವೈರು ಇದೆ, ಇಡೀ ಚೌಕಕ್ಕೆ ಕೇಳುತ್ತಿದೆ ಎಂದೇ ತಿಳಿದು ಪ್ರಾರ್ಥಿಸಿ. ತಕ್ಕಡಿಯ ಮಾತನ್ನು ನಾನೂ ಈಗ ಬಿಟ್ಟಿದ್ದೇನೆ.