ದೀಪ ಆರದ ಮೂರನೇ ಮಹಡಿ

ಮಕ್ಕಳೇ, ನಿಮ್ಮ ಅಮ್ಮನ ಕೆಲಸ ಏನೆಂದು ಶಾಲೆಯಲ್ಲಿ ಕೇಳಿದರೆ ನೀವು ಬಿಲ್ಡಿಂಗ್ ನೋಡುವುದು ಎನ್ನುತ್ತೀರಂತೆ. ತಪ್ಪೇನಿಲ್ಲ. ಈ ದೇಶದಲ್ಲಿ ದೊಡ್ಡ ಆಫೀಸು ಕಟ್ಟಡವನ್ನು ಮಾರುವುದಾದರೂ, ಬಾಡಿಗೆಗೆ ಕೊಡುವುದಾದರೂ ಅದು ಎಷ್ಟು ಕರೆಂಟು, ಎಷ್ಟು ಗ್ಯಾಸು ನುಂಗುತ್ತದೆಂದು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು. ತುಂಬ ಒಳ್ಳೆಯದಕ್ಕೆ ಎ, ತೀರಾ ಕೆಟ್ಟದ್ದಕ್ಕೆ ಜಿ. ಕಡೇಪಕ್ಷ ಇ ಬರಬೇಕು. ಎಫ್ ಬಂತೋ, ಬಾಡಿಗೆಗೆ ಕೊಡುವಂತಿಲ್ಲ. ಆ ಅಕ್ಷರ ಕೊಡುವವಳು ನಿಮ್ಮ ಅಮ್ಮ.

ದೊಡ್ಡವಳೇ, ನೀನು ಆಗ ನಾಲ್ಕು ತಿಂಗಳ ಕೂಸು. ಹೆರಿಗೆಯ ನಂತರ ನಿಮ್ಮ ಅಮ್ಮನಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಫೆಲ್ಥಮ್‌ನ ಒಂದು ಖಾಲಿ ಆಫೀಸು ಕಟ್ಟಡ. ಅದರ ಮ್ಯಾನೇಜರನ ಕೈಯಲ್ಲಿ ಇನ್ನೂ ಹಲವು ಕಟ್ಟಡಗಳಿದ್ದವು. ಅವನಿಗೆ ಮೆಚ್ಚಿಗೆಯಾದರೆ ಅವೂ ಇವಳಿಗೇ ಸಿಗುವವು. ನೀನೋ ಬಾಟಲಿ ಮುಟ್ಟುತ್ತಿರಲಿಲ್ಲ. ಹಾಗಾಗಿ ನಮ್ಮ ಫ್ಲ್ಯಾಟಿದ್ದ ಹೌನ್ಸ್ಲೋದಿಂದ ಬಸ್ಸು ಹತ್ತಿ ನೀನು, ನಿಮ್ಮ ಅಮ್ಮ, ಅಜ್ಜಿಯಾದ ನಾನು, ಮೂವರೂ ಹೊರಟೆವು.

ಮ್ಯಾನೇಜರ್ ಎತ್ತರದ ಆಳು. ನನಗೆ ಏನೋ ಹೇಳಿ ನಕ್ಕ. ಗಂಡಸರ ಎದುರು ಇಂಗ್ಲಿಷ್ ಆಡಬೇಕೆಂದರೆ ನನಗೆ ನಾಲಿಗೆ ಏಳುವುದಿಲ್ಲ. ತಲೆಯಾಡಿಸಿದೆ.

ಮೊದಲ ಮಹಡಿಯಲ್ಲಿ ಒಂದು ಮೂಲೆ ನೋಡಿ ಬೆಡ್‌ಶೀಟ್ ಹಾಸಿ ಕೂತೆ. ಕಾಲು ಚಾಚಿ, ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡೆ. ನಿನಗೆ ಹಾಗೇ ನಿದ್ದೆ ಬರುತ್ತಿತ್ತು. ಆದರೆ ನಾನು ಸ್ವಲ್ಪ ಅಲ್ಲಾಡಿದರೂ ನೀನು ಎದ್ದು ಅಳುತ್ತಿದ್ದೆ, ಆದ್ದರಿಂದ ನಾನು ಕಲ್ಲಿನ ಹಾಗೆ ಕೂರಬೇಕು. ಕಿಟಕಿಗಳಿಗೆಲ್ಲ ಬ್ಲೈಂಡ್ ಎಳೆದಿತ್ತು. ಇದ್ದಕ್ಕಿದ್ದಂತೆ ದೀಪಗಳೆಲ್ಲ ಆರಿದವು.

"ಮಗಾ, ಕರೆಂಟು ಹೋಯ್ತು," ಎಂದೆ.

"ಕರೆಂಟಲ್ಲ ಅಮ್ಮ," ಮೆಟ್ಟಿಲ ಕಡೆಯಿಂದ ನಿಮ್ಮ ಅಮ್ಮನ ದನಿ. "ಅಲ್ಲಾಡದೆ ಕೂತರೆ ಇಲ್ಲಿ ಯಾರೂ ಇಲ್ಲ ಅಂತ ಈ ದೀಪ ತಿಳಿದುಕೊಳ್ತದೆ. ಕೈ ಬೀಸು."

ಬೀಸಿದೆ. ಬೆಳಕು ಬಂತು. ನಾನಿರುವುದನ್ನು ಮರೆತುಬಿಡುವವರು ಬಹಳ ಮಂದಿ. ಕೈ ಬೀಸಿದ ಕೂಡಲೇ ಒಪ್ಪಿಕೊಂಡದ್ದು ಇದೊಂದೇ.

ಆಮೇಲೆ ಮೂರನೇ ಮಹಡಿಗೆ ಹೋದೆವು. ಹಾಗೇ ಕಾಲು ಚಾಚಿ ಕೂತೆ, ನೀನು ಹಾಗೇ ಮಲಗಿದೆ. ಈಗ ಆರುತ್ತದೆ, ಇನ್ನೇನು ಆರುತ್ತದೆ ಎಂದು ಕಾದೆ. ನಿಮ್ಮ ಅಮ್ಮ, ಮ್ಯಾನೇಜರ್ ಇಬ್ಬರೂ ತಾರಸಿಯ ಯಂತ್ರಗಳನ್ನು ನೋಡಿಕೊಂಡು ಇಳಿದು ಬಂದರೂ ದೀಪ ಉರಿಯುತ್ತಲೇ ಇತ್ತು.

"ಇಲ್ಲಿನದು ಆರಲೇ ಇಲ್ಲ ಮಾರಾಯ್ತಿ," ಎಂದೆ, ಮಾತಿಗೆ ಮಾತು ಎಂಬ ಹಾಗೆ.

ನಿಮ್ಮ ಅಮ್ಮ ನಿಂತಲ್ಲೇ ನಿಂತಳು. ಎಲ್ಲ ಮಹಡಿಯಲ್ಲೂ ತಾನಾಗಿ ಆರುವ ದೀಪಗಳಿವೆ ಎಂದು ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದನಂತೆ. ಜನ ಅಲ್ಲಾಡುವುದನ್ನು ಗಮನಿಸುವ ಬಿಳಿ ಗುಂಡಿಗಳೂ ಛಾವಣಿಯಲ್ಲಿ ಕಾಣುತ್ತಿದ್ದವು. ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಆಮೇಲೆ ಮೂವರೂ ಅಲ್ಲಾಡದೆ ಕಾದೆವು. ಅಷ್ಟು ಎತ್ತರದ ಗಂಡಸು ಜೇಬಿನಲ್ಲಿ ಕೈಯಿಟ್ಟು ಉಸಿರು ಬಿಗಿಹಿಡಿದು ನಿಂತದ್ದು ಕಂಡು ನನಗೆ ನಗು. ನೀನು ಸೀನಿದೆ.

"ಮಗುವಿನಿಂದ ಇರಬೇಕು," ಎಂದನಂತೆ ಅವನು. ಇನ್ನೊಮ್ಮೆ ಕಾದೆವು. ಆರಲಿಲ್ಲ. ಮೇಲಿನ ಮಹಡಿಯಲ್ಲೂ ಅದೇ ಕಥೆ. ಹಿಂದೆ ಬಾಡಿಗೆಗಿದ್ದವರು ಆ ಗುಂಡಿಗಳ ವೈರು ಕಿತ್ತಿದ್ದರಂತೆ.

"ಗುಂಡಿ ಇದೆಯಲ್ಲ, ನೀನೇ ನೋಡಿದ್ದೀಯ. ಇದೆ ಅಂತ ಬರೆ," ಎಂದ ಅವನು. ಇಷ್ಟು ನನಗೂ ಅರ್ಥವಾಯಿತು.

"ಕೆಲಸ ಮಾಡುವುದಿಲ್ಲ ಅನ್ನೋದನ್ನೂ ನೋಡಿದೆನಲ್ಲ," ಎಂದಳು ನಿಮ್ಮ ಅಮ್ಮ. ಮೆಲ್ಲಗೇ ಹೇಳಿದಳು. ಅವಳ ಕಿವಿ ಕೆಂಪಾಗಿತ್ತು.

ಆ ಕಟ್ಟಡಕ್ಕೆ ಎಫ್ ಬಂತು. ದೀಪ ಆರದ್ದೊಂದೇ ಕಾರಣವಲ್ಲ, ಟ್ಯೂಬುಗಳೂ ಹಳೆಯವು. ಆದರೂ ದೀಪ ತಾನಾಗಿ ಆರುತ್ತಿದ್ದರೆ ಇ ತನಕ ಬರುತ್ತಿತ್ತಂತೆ. ಬಾಡಿಗೆಗೆ ಬರಬೇಕಿದ್ದ ಕಂಪನಿಯವರು ಸಹಿ ಹಾಕದೆ ನಿಂತರು. ಮ್ಯಾನೇಜರನ ಫೋನು ಬರಲಿಲ್ಲ. ನಿಮ್ಮ ಅಮ್ಮ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಫ್ಲ್ಯಾಟಿನಲ್ಲಿ ಆಚೆಯಿಂದೀಚೆ ನಡೆಯುವಳು, ಆಗಾಗ ಮೊಬೈಲು ನೋಡುವಳು.

"ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು," ಎಂದೆ ಒಂದು ದಿನ ದೋಸೆ ಹುಯ್ಯುತ್ತಾ.

"ಬಾಯಿ ಬಿಟ್ಟದ್ದೇ ವರ್ಷಕ್ಕೊಂದು ಸಲ. ಅದನ್ನೂ ಬೇಡ ಅನ್ನಲಾ?" ಎಂದಳು. ನಕ್ಕಳು, ಆದರೆ ದೋಸೆ ಅರ್ಧಕ್ಕೇ ಬಿಟ್ಟಳು.

ಕೆಲವು ವಾರ ಕಳೆದು ಫೋನು ಬಂತು. ವೈರು ಸರಿಮಾಡಿಸಿದ್ದಾನೆ, ಹೊಸ ದೀಪಗಳನ್ನೂ ಹಾಕಿಸಿದ್ದಾನೆ, ಮತ್ತೆ ಪರೀಕ್ಷೆ ಮಾಡಬೇಕು.

"ಅಮ್ಮನನ್ನೂ ಕರಕೊಂಡು ಬಾ ಅಂತಿದ್ದಾನೆ."

"ನಾನು ಬರೋದಿಲ್ಲಪ್ಪ. ಇನ್ನೇನಾದರೂ ಕಣ್ಣಿಗೆ ಬಿದ್ದರೆ?"

"ಅದಕ್ಕೇ ಕರೀತಿದ್ದಾನೆ. ಬಾಡಿಗೆಗೆ ಬರುವವರ ಲಾಯರು ನೋಡುವ ಮೊದಲು ನೀನೇ ನೋಡಿದರೆ ಒಳ್ಳೆಯದಂತೆ."

ಹೋದೆವು. ಅಷ್ಟರಲ್ಲಿ ನೀನು ಬೋರಲು ಬೀಳಲು ಕಲಿತಿದ್ದೆ. ನನ್ನ ಕಾಲ ಮೇಲೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ನೀನು ಒದ್ದಾಡುವ ತನಕ ಯಾವ ದೀಪ ಆರೀತು? ಕೊನೆಗೆ ಮ್ಯಾನೇಜರೇ ನಿನ್ನನ್ನು ಎತ್ತಿಕೊಂಡು ಹೊರಗಿನ ಪ್ಯಾಸೇಜಿಗೆ ಹೋದ. ಮೂರನೇ ಮಹಡಿಯಲ್ಲಿ ನಾವಿಬ್ಬರೇ ಉಳಿದೆವು, ನಾನು ನೆಲದ ಮೇಲೆ, ನನ್ನ ಪಕ್ಕ ಗೋಡೆಗೊರಗಿ ನಿಮ್ಮ ಅಮ್ಮ.

ಕಾದೆವು. ದೀಪ ಆರಿ ಕತ್ತಲಾಯಿತು.

ಅವಳು ತಕ್ಷಣ ಎದ್ದು ಬರೆದುಕೊಳ್ಳಬಹುದಿತ್ತು. ಏಳಲಿಲ್ಲ. ಹೆರಿಗೆಯಾದ ಮೇಲೆ ಅವಳು ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ತಲೆಯನ್ನು ನನ್ನ ಭುಜಕ್ಕೆ ಆನಿಸಿದಳು. ಭಾರವಾಗಿತ್ತು. ನಾನೂ ಅಲ್ಲಾಡಲಿಲ್ಲ.

"ಇನ್ನು ಇ ಬರ್ತದೆ ಅಮ್ಮ," ಎಂದಳು ಕತ್ತಲಲ್ಲೇ. "ಬಹುಶಃ ಡಿ."

ಅಷ್ಟರಲ್ಲಿ ಹೊರಗೆ ನೀನು ಅಳತೊಡಗಿದೆ, ಮ್ಯಾನೇಜರ್ ಬಾಗಿಲು ತಟ್ಟಿದ.